ಯುರೋಪಿನ ಕೈಕೆಲಸದ ಚಾಕುಗಳು: ಮೊದಲ ಮೂರನ್ನು ಹೇಗೆ ಆರಿಸೋದು?

ಮಡಚುಗತ್ತಿ

ಮೂರು ಚಾಕುಗಳ ಚಿಕ್ಕ ಸಂಗ್ರಹ ಶುರು ಮಾಡಬೇಕು ಅಂತಿದೀನಿ. ತರಕಾರಿ ಹೆಚ್ಚೋಕಲ್ಲ. ಆದರೆ ಕೈಗೆ ಕೊಟ್ಟರೆ ಕೆಲಸ ಮಾಡುವಂಥದ್ದೇ ಆಗಿರಬೇಕು, ಗೋಡೆಗೆ ನೇತುಹಾಕೋ ಗೊಂಬೆ ಬೇಡ. ತೆರಿಗೆ, ಸಾಗಣೆ ಬಿಟ್ಟು ಒಟ್ಟು 700 ಯೂರೋ. ಮನಸ್ಸಲ್ಲಿರೋದು ಫಿನ್ಲೆಂಡಿನ ಪೂಕ್ಕೊ (ಮಡಚದ, ಒರೆಯಲ್ಲಿಡೋ ಚಾಕು), ಫ್ರಾನ್ಸಿನ ಲಾಯೋಲ್, ಇಟಲಿಯ ಸಾರ್ಡೀನಿಯಾ ದ್ವೀಪದ ಪತ್ತಾದ (ಇವೆರಡೂ ಮಡಚೋ ಚಾಕು). ಇಡೋ ಜಾಗ ಮಂಗಳೂರು, ಸಮುದ್ರದಿಂದ ಎರಡು ಕಿಲೋಮೀಟರ್. ‘ಕೈಕೆಲಸ’ ಅಂತ ಎಲ್ಲರೂ ಬರೆದುಕೊಳ್ತಾರೆ. ನಿಜವೋ ಅಲ್ಲವೋ ಅನ್ನೋದನ್ನ ದೂರದಿಂದ ಹೇಗೆ ತಿಳಿಯೋದು?

ಕುಲುಮೆ_ಕಿಡಿ

ಪೂಕ್ಕೊದಿಂದ ಶುರು ಮಾಡಿ. ಭಾಗಗಳು ಕಡಿಮೆ, ಮುಚ್ಚಿಡೋಕೆ ಜಾಗ ಇಲ್ಲ, ತಪ್ಪಿದ್ದರೆ ಕಣ್ಣಿಗೆ ಹೊಡೆಯುತ್ತೆ.

ಅಲಗು ಸಾಧಾರಣವಾಗಿ 80ರಿಂದ 100 ಮಿಮೀ, ಅಂದರೆ ಹೆಚ್ಚುಕಡಿಮೆ ಅಂಗೈ ಅಗಲ. ಬೆನ್ನು ಮೂರೂವರೆಯಿಂದ ಐದು ಮಿಮೀ. ಒಳ್ಳೆಯ ಪೂಕ್ಕೊ ಅಲಗನ್ನು ಅಡ್ಡ ಕತ್ತರಿಸಿ ನೋಡಿದರೆ ವಜ್ರಾಕೃತಿ ಕಾಣಬೇಕು. ಬೆನ್ನಿನ ಕಡೆಗೂ ಸ್ವಲ್ಪ ತೆಳುವಾಗಿ, ನಡುವೆ ದಪ್ಪವಾಗಿ, ಅಲ್ಲಿಂದ ಬಾಯಿಗೆ ಸಪಾಟಾಗಿ ಇಳಿದಿರುತ್ತೆ. ಇದು ಅಲಂಕಾರಕ್ಕಲ್ಲ. ಮರದೊಳಗೆ ಆಳವಾಗಿ ಇಳಿಸಿ ತಿರುಗಿಸುವಾಗ ಬೆನ್ನು ಕಚ್ಚಿಕೊಳ್ಳಬಾರದು ಅಂತ. ಎರಡೂ ಬದಿಯ ಇಳಿಜಾರು ಸೇರಿ ಬಾಯಿಯ ಕೋನ 20–22 ಡಿಗ್ರಿ. ಉಕ್ಕು ಹೆಚ್ಚಾಗಿ 80ಸಿಆರ್‌ವಿ2, ಇಲ್ಲವೇ ಫಿನ್ನರು ‘ಬೆಳ್ಳಿ ಉಕ್ಕು’ ಅನ್ನುವ 115ಸಿಆರ್‌ವಿ3. ಎರಡೂ ಕಾರ್ಬನ್ ಉಕ್ಕು, ಎರಡೂ ತುಕ್ಕು ಹಿಡಿಯುತ್ತವೆ.

ಹಿಡಿಕೆಯ ಹಿಂತುದಿ ನೋಡಿ. ಸಾಂಪ್ರದಾಯಿಕ ಕಟ್ಟಣೆಯಲ್ಲಿ ಅಲಗಿನ ಬಾಲ ಇಲಿಬಾಲದ ಹಾಗೆ ಸಣ್ಣಗಾಗುತ್ತಾ ಹಿಡಿಕೆಯ ಉದ್ದಕ್ಕೂ ಹಾದು, ಹಿಂದಿನ ಹಿತ್ತಾಳೆ ತಗಡಿನ ಮೇಲೆ ಸುತ್ತಿಗೆಯಿಂದ ಬಡಿದು ಮೊಳೆತಲೆ ಆಗಿರುತ್ತೆ. ಆ ತಲೆ ತಗಡಿನ ಮೇಲೆ ಪೂರ್ತಿ ಕೂತಿರಬೇಕು, ಸುತ್ತ ಬಿರುಕು ಇರಬಾರದು. ಹಿಂದೆ ಏನೂ ಕಾಣದೆ ಬರೀ ಮರ ಇದ್ದರೆ ಬಾಲ ಗಿಡ್ಡ, ಒಳಗೆ ಎಪಾಕ್ಸಿ ಅಂಟು. ಅದು ಮೋಸ ಅಂತಲ್ಲ, ಆದರೆ ಬೆಲೆ ಬೇರೆ.

ಮುಂದಿನ ಹಿತ್ತಾಳೆ ಪಟ್ಟಿಗೆ ಅಲ್ಲಿ ‘ಹೇಲಾ’ ಅಂತಾರೆ. ಅದಕ್ಕೂ ಅಲಗಿಗೂ ನಡುವಿನ ಜಾಗದಲ್ಲಿ ಕೆಲಸಗಾರ ಗೊತ್ತಾಗುತ್ತಾನೆ. ಹಿಂದಿನಿಂದ ಟಾರ್ಚ್ ಹಿಡಿದು ತೆಗೆದ ಫೋಟೋ ಕೇಳಿ. ಬೆಳಕು ತೂರಿ ಬಂದರೆ ನೀರೂ ತೂರುತ್ತೆ, ತುಕ್ಕು ಶುರುವಾಗೋದೇ ಅಲ್ಲಿ. ಬೆಸುಗೆ ಅಥವಾ ಅಂಟು ತುಂಬಿ ಮುಚ್ಚಿದ್ದರೆ ಅಂಚಿನಲ್ಲಿ ಹೊಳಪು ಬೇರೆಯಾಗಿ ಕಾಣುತ್ತೆ.

ಇನ್ನೊಂದು ಮುಖ್ಯ ಪ್ರಶ್ನೆ: “ಅಲಗು ನೀವೇ ಬಡಿದದ್ದಾ, ಕೊಂಡದ್ದಾ?” ಲೌರಿಯಂಥ ಸಿದ್ಧ ಅಲಗುಗಳಿಗೆ ಹಿಡಿಕೆ ಮಾತ್ರ ಹಾಕುವವರು ಬಹಳ. ಅವೂ ಒಳ್ಳೆಯ ಅಲಗುಗಳೇ, ಆದರೆ ಕಮ್ಮಾರನ ಬೆಲೆ ಕೊಡಬೇಡಿ. ಕೌಹಾವ ಊರಿನ ಈಸಾಕ್ಕಿ ಯಾರ್ವೆನ್‌ಪಾ 1879ರಿಂದ ನಡೆಯುತ್ತಿರುವ ಕಾರ್ಖಾನೆ. ಕುದುರೆತಲೆಯ ಹಿಡಿಕೆಗೆ ಹೆಸರುವಾಸಿ, ಸಂಗ್ರಹಕ್ಕೆ ಯೋಗ್ಯ. ಆದರೆ ಅದು ಒಬ್ಬ ಕಮ್ಮಾರನ ಪೂಕ್ಕೊ ಅಲ್ಲ.

ಧಾರವಾಡಿ

ಬೆನ್ನಿನ ದಪ್ಪ ಅಳದು ನೋಡಿದ್ರ ಬಡಿದದ್ದೋ ಕತ್ತರಿಸಿದ್ದೋ ತಿಳೀತದ ಅಂತಾರಲ್ಲ, ಖರೇ ಏನು?

ಕುಲುಮೆ_ಕಿಡಿ

ಅರ್ಧ ಖರೆ. ಹೇಲಾ ಹತ್ತಿರ, ನಡುವೆ, ಮೊನೆಯಿಂದ 10 ಮಿಮೀ ಈಚೆ, ಹೀಗೆ ಮೂರು ಕಡೆ ಕ್ಯಾಲಿಪರ್ ಇಟ್ಟು ಕಳಿಸಿ ಅನ್ನಿ. 4.3, 3.8, 1.9 ಅಂತ ಇಳಿದಿದ್ದರೆ ಅಲಗು ಮೊನೆ ಕಡೆ ತೆಳುವಾಗಿದೆ ಎಂದಾಯಿತು. ಬಡಿದವನಿಗೆ ಅದು ಸಹಜವಾಗಿ ಬರುತ್ತೆ. ಆದರೆ ಪಟ್ಟಿಯನ್ನು ಬೆಲ್ಟ್ ಮೇಲೆ ಅರೆಯುವವನೂ ಹೀಗೆ ಇಳಿಸಬಲ್ಲ. ಮೂರೂ ಕಡೆ ಒಂದೇ ಸಮ 4.0 ಇದ್ದು, ಮೊನೆ ಮಾತ್ರ ಥಟ್ಟನೆ ಕೆಳಗಿಳಿದಿದ್ದರೆ ಅದು ಲೇಸರ್‌ನಿಂದ ಕತ್ತರಿಸಿದ ತಗಡು. ಅಳತೆಯಿಂದ ‘ಅಲ್ಲ’ ಅಂತ ಹೇಳಬಹುದು, ‘ಹೌದು’ ಅಂತ ಹೇಳೋಕಾಗಲ್ಲ.

ಸಾಣೆಯಣ್ಣ

ಲಾಯೋಲ್ ವಿಷಯಕ್ಕೆ ಬರೋಣ, ಅತಿ ಹೆಚ್ಚು ಜನ ಎಡವೋದು ಇಲ್ಲೇ. ಲಾಯೋಲ್ ಅನ್ನೋದು ಅವೆರೋನ್ ಪ್ರಾಂತ್ಯದ ಒಂದು ಹಳ್ಳಿ, ಒಂದು ಆಕಾರದ ಹೆಸರು ಕೂಡ. ಅಲಗಿನ ಮೇಲೆ ಆ ಪದ, ಸ್ಪ್ರಿಂಗಿನ (ಅಲಗನ್ನು ಬಿಗಿ ಹಿಡಿಯೋ ಬೆನ್ನಿನ ಉಕ್ಕಿನ ಪಟ್ಟಿಯ) ತಲೆ ಮೇಲೆ ಜೇನುನೊಣ, ಇವೆರಡೂ ಇರೋ ಚಾಕು ಚೀನಾದಿಂದಲೂ ಬರುತ್ತೆ, ಪಾಕಿಸ್ತಾನದಿಂದಲೂ ಬರುತ್ತೆ. ಆದ್ದರಿಂದ ಆ ಪದಕ್ಕೆ ಸೊನ್ನೆ ಅಂಕ ಕೊಡಿ. ತಯಾರಕನ ಹೆಸರು ಮತ್ತು ಊರು ಅಲಗಿನ ಬುಡದಲ್ಲಿ ಇದೆಯಾ ಅಷ್ಟೇ ನೋಡಿ.

ನೊಣದ ಬಗ್ಗೆ ವಿಪರೀತ ಚರ್ಚೆ ಆಗುತ್ತೆ. ಸ್ಪ್ರಿಂಗಿನ ಪಟ್ಟಿಯಿಂದಲೇ ಬಡಿದು ಎಬ್ಬಿಸಿದ ನೊಣಕ್ಕೆ ಬೆಲೆ ಹೆಚ್ಚು. ಬೇರೆ ಮಾಡಿ ಬೆಸುಗೆ ಹಾಕಿದ ನೊಣದ ಬುಡದಲ್ಲಿ, ಭೂತಗನ್ನಡಿ ಹಿಡಿದರೆ, ಕೂದಲಿನಷ್ಟು ಗೆರೆ ಕಾಣುತ್ತೆ. ಕೆಲಸಕ್ಕೆ ಎರಡೂ ಒಂದೇ. ನನ್ನ ಕಣ್ಣು ಹೋಗೋದು ಸ್ಪ್ರಿಂಗಿನ ಬೆನ್ನಿನ ಕೆತ್ತನೆಗೆ. ಅರದಿಂದ ಕೈಯಲ್ಲಿ ಕೆತ್ತಿದ್ದರೆ ಪಕ್ಕಪಕ್ಕದ ಎರಡು ಗೀರು ಒಂದೇ ಆಳ ಇರೋದಿಲ್ಲ, ಕೊನೆಗೆ ಹೋಗ್ತಾ ಬಳ್ಳಿ ಸಣ್ಣಗಾಗುತ್ತೆ. ಅಚ್ಚಿನಲ್ಲಿ ಒತ್ತಿದ್ದು ಆ ಕೊನೆಯಿಂದ ಈ ಕೊನೆಗೆ ಒಂದೇ ಸಮ, ಕಣಿವೆಗಳ ತಳ ಗುಂಡಗೆ. ಅದೇ ಮಾದರಿಯ ಎರಡು ಚಾಕುಗಳ ಫೋಟೋ ಪಕ್ಕದಲ್ಲಿಟ್ಟುಕೊಳ್ಳಿ, ಕೈಗೆಲಸವಾದರೆ ಎರಡೂ ಹೊಂದೋದೇ ಇಲ್ಲ.

ಹಿಡಿಕೆಯ ಮೇಲಿನ ‘ಕುರುಬನ ಶಿಲುಬೆ’ ಸಣ್ಣ ಮೊಳೆಗಳಿಂದ ಆಗಿರುತ್ತೆ. ಬೆರಳು ಸವರಿದರೆ ಮೊಳೆ ಸಿಗಬಾರದು. ಸಿಕ್ಕಿದರೆ ಮರ ಒಣಗಿ ಕುಗ್ಗಿದೆ, ಮೊಳೆ ಮೇಲೆದ್ದಿದೆ ಅಂತ ಅರ್ಥ. ಹಿಡಿಕೆ 11, 12, 13 ಸೆಂಮೀ ಅಳತೆಗಳಲ್ಲಿ ಬರುತ್ತೆ. ಮೊದಲನೆಯದಕ್ಕೆ 12 ಸರಿ. ಅಲಗು 12ಸಿ27 ಅಥವಾ 14ಸಿ28ಎನ್ ತಗೊಳ್ಳಿ, ಎರಡೂ ಸ್ವೀಡನ್ನಿನ ಸ್ಟೇನ್‌ಲೆಸ್. ಕರಾವಳಿಗೆ ಎಕ್ಸ್‌ಸಿ75 ಕಾರ್ಬನ್ ಬೇಡ.

ಧಾರವಾಡಿ

ಒಂದ್ ಮಾತು. ಈ ಫ್ರೆಂಚ್ ಅಂಗಡಿಯವರು ‘ಒಬ್ಬನೇ ಕುಶಲಕರ್ಮಿ ಜೋಡಿಸಿದ್ದು’ ಅಂತ ಬರೀತಾರ. ಅಲಗು ಬ್ಯಾರೆ ಕಡೆಯಿಂದ ಬಂದಿರ್ತದ, ಸ್ಪ್ರಿಂಗ್ ಬ್ಯಾರೆ ಕಡೆಯಿಂದ. ಜೋಡಿಸೋದಷ್ಟ ಕೈಕೆಲಸ ಅಂದ್ರ ಸೈಕಲ್ ಅಂಗಡ್ಯಾಗೂ ಅದನ್ನ ಮಾಡ್ತಾರಲ್ರಿ.

ಸಾಣೆಯಣ್ಣ

ಸೈಕಲ್ ಹೋಲಿಕೆ ಹೊಂದಲ್ಲ. ಆದರೆ ಪ್ರಶ್ನೆ ಸರಿಯಾಗಿದೆ.

ಯುರೋಪಿನ ಹಳೇ ಚಾಕು ಊರುಗಳಲ್ಲಿ ಒಬ್ಬನೇ ಪೂರ್ತಿ ಚಾಕು ಮಾಡಿದ್ದು ಅಪರೂಪ. ಫ್ರಾನ್ಸಿನ ತಿಯೇರ್ ತಗೊಳ್ಳಿ. ಡ್ಯುರೋಲ್ ನದಿ ತಿರುಗಿಸುತ್ತಿದ್ದ ಸಾಣೆಕಲ್ಲಿನ ಮೇಲೆ ಹಲಗೆ ಹಾಸಿ, ಹೊಟ್ಟೆ ಮೇಲೆ ಮಲಗಿ ಅಲಗು ಅರೆಯೋರು. ಕಾಲು ಮರಗಟ್ಟದಿರಲಿ ಅಂತ ಕಾಲ ಮೇಲೆ ನಾಯಿ ಮಲಗಿಸಿಕೊಳ್ಳೋರು. ಕಲ್ಲಿನ ಕೆಸರು ಮೆತ್ತಿ ಬಟ್ಟೆ ಹಳದಿಯಾಗುತ್ತಿದ್ದದ್ದಕ್ಕೆ ಅವರಿಗೆ ‘ಹಳದಿ ಹೊಟ್ಟೆಯವರು’ ಅಂತಲೇ ಹೆಸರು. ಅವರು ಬಡಿಯೋರಲ್ಲ, ಜೋಡಿಸೋರಲ್ಲ, ಅರೆಯೋರಷ್ಟೇ. ಇಂಗ್ಲೆಂಡಿನ ಶೆಫೀಲ್ಡಿನ ‘ಲಿಟ್ಲ್ ಮೆಸ್ಟರ್’ಗಳದೂ, ಅಂದರೆ ಸಣ್ಣ ಕಮ್ಮಟದ ಕೆಲಸಗಾರರದೂ, ಇದೇ ಕಥೆ. ಬಡಿಯುವವನೊಬ್ಬ, ಅರೆಯುವವನೊಬ್ಬ, ಜೋಡಿಸುವವನೊಬ್ಬ. ಸ್ಟ್ಯಾನ್ ಶಾ ಥರ ಜೋಡಣೆಯ ಪ್ರತಿ ಹಂತವನ್ನೂ ತಾನೇ ಮುಗಿಸುತ್ತಿದ್ದವರು ಬೆರಳೆಣಿಕೆ, ಅವರೂ 2021ರಲ್ಲಿ ತೀರಿಕೊಂಡರು. ಮೊಳೆಯಿಂದ ಅಲಗಿನವರೆಗೆ ಎಲ್ಲ ಒಬ್ಬನದೇ ಆಗಿರಬೇಕು ಅನ್ನೋ ಕಟ್ಟುನಿಟ್ಟು ಅಮೆರಿಕದ ಕಸ್ಟಮ್ ಚಾಕುಗಳ ಕಾಲದಲ್ಲಿ ಬಲವಾದದ್ದು.

ಹಾಗಾಗಿ ‘ಕೈಕೆಲಸವಾ?’ ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. ‘ಯಾವ ಕೆಲಸ ಯಾರ ಕೈಯದು?’ ಅಂತ ಕೇಳಿ. ಅಲಗು ಬಡಿದವರು ಯಾರು, ಹದ (ಉಕ್ಕನ್ನು ಕಾಯಿಸಿ ಗಟ್ಟಿ ಮಾಡೋದು) ಕೊಟ್ಟವರು ಯಾರು, ಸಾಣೆ ಯಾರದು, ಸ್ಪ್ರಿಂಗ್ ಯಾರು ಅರ ಹಾಕಿದ್ದು, ಹಿಡಿಕೆ ಯಾರು ಕೂರಿಸಿದ್ದು. ಈ ಐದಕ್ಕೂ ಇಮೇಲ್‌ನಲ್ಲಿ ಉತ್ತರ ಪಡೆದು ಆ ಪತ್ರವನ್ನು ಚಾಕುವಿನ ಜೊತೆ ಇಟ್ಟುಕೊಳ್ಳಿ. ‘ಹದ ಹೊರಗೆ ಮಾಡಿಸ್ತೀವಿ’ ಅಂದರೆ ಗಾಬರಿ ಬೇಡ. ಸ್ಟೇನ್‌ಲೆಸ್ ಉಕ್ಕಿಗೆ ಸಾವಿರ ಡಿಗ್ರಿಗೂ ಮೇಲೆ ಸರಿಯಾಗಿ ಹಿಡಿದಿಡೋ ಕುಲುಮೆ ಬೇಕು, ಅದನ್ನ ಹೊರಗೆ ಕೊಡೋದೇ ಬುದ್ಧಿವಂತಿಕೆ. ಉತ್ತರ ಕೊಡದೆ ಬರೀ ‘ಸಂಪ್ರದಾಯ’, ‘ಪರಂಪರೆ’ ಅಂತ ಬರೆದವರಿಂದ ಕೊಳ್ಳಬೇಡಿ.

ಹಳ್ಳಿಯ ಹೆಸರಿನ ಗೊಂದಲ ಬೇಡವೇ ಬೇಡ ಅನ್ನೋರಿಗೆ ‘ಲ ತಿಯೇರ್’ ಅನ್ನೋ ಮಾದರಿ ಇದೆ. ಅದು ನೋಂದಾಯಿತ ಆಕಾರ, ತಿಯೇರ್ ಭಾಗದ ಕತ್ತಿಗಾರರ ಸಂಘ ನೋಡಿಕೊಳ್ಳುತ್ತೆ, ಅಲಗಿನ ಮೇಲೆ ಮಾಡಿದವರ ಹೆಸರು ಬರುತ್ತೆ. ಅದೇ ದುಡ್ಡಿಗೆ ಲಾಯೋಲ್‌ಗಿಂತ ಒಂದು ಕೈ ಮೇಲಿನ ಕೆಲಸ ಸಿಗುತ್ತೆ ಅನ್ನೋದು ನನ್ನ ಅಭಿಪ್ರಾಯ. ಬೈಯೋರು ಬೈಯಿರಿ.

ಧಾರವಾಡಿ

ಹಿಂಗ ಹೇಳಿದ್ರ ಒಪ್ಪೂಣು. ಹಂಗಾರ ಜರ್ಮನಿಯ ‘ಝೋಲಿಂಗೆನ್’ ಅಂತ ಬರದಿರೋದು?

ಸಾಣೆಯಣ್ಣ

ಆ ಹೆಸರಿಗೆ ಕಾನೂನಿನ ಬೆಂಬಲ ಇದೆ, 1994ರ ಅಧಿಸೂಚನೆ. ಮುಖ್ಯ ತಯಾರಿಕಾ ಹಂತಗಳೆಲ್ಲ ಆ ಪ್ರದೇಶದಲ್ಲೇ ನಡೆದಿರಬೇಕು. ಅದು ಎಲ್ಲಿ ಮಾಡಿದ್ದು ಅನ್ನೋದಕ್ಕೆ ಸಾಕ್ಷಿ, ಕೈಯಲ್ಲಿ ಮಾಡಿದ್ದು ಅನ್ನೋದಕ್ಕಲ್ಲ.

ಮಡಚುಗತ್ತಿ

ಮಡಚೋ ಚಾಕು ಪಾರ್ಸೆಲ್ ಬಂದ ದಿನ ಏನೇನು ಪರೀಕ್ಷೆ ಮಾಡಬೇಕು? ವಾಪಸ್ ಕಳಿಸೋ ಗಡುವಿನೊಳಗೆ ಗೊತ್ತಾಗಬೇಕಲ್ಲ.

ಸಾಣೆಯಣ್ಣ

ಮೊದಲು ಬಿಡಿಸಬೇಡಿ. ಮುಚ್ಚಿದ ಸ್ಥಿತಿಯಲ್ಲಿ ಮೇಲಿನಿಂದ ನೋಡಿ, ಅಲಗು ಹಿಡಿಕೆಯೊಳಗಿನ ಎರಡು ತಗಡುಗಳ ನಡುವೆ ಮಧ್ಯಕ್ಕೆ ಕೂತಿದೆಯಾ ಅಂತ. ಒಂದು ಬದಿಗೆ ಒರಗಿದ್ದರೆ, ಒಂದಷ್ಟು ಸಲ ತೆಗೆದು ಹಾಕುವಷ್ಟರಲ್ಲಿ ಗೀರು ಬೀಳುತ್ತೆ. ಆಮೇಲೆ ನಿಧಾನಕ್ಕೆ ಬಿಡಿಸಿ. ಪೂರ್ತಿ ತೆರೆದಾಗ, ಪೂರ್ತಿ ಮುಚ್ಚಿದಾಗ ಸ್ಪ್ರಿಂಗಿನ ಬೆನ್ನು ತಗಡುಗಳ ಮಟ್ಟಕ್ಕೇ ಇರಬೇಕು. ಶೆಫೀಲ್ಡ್ ಶೈಲಿಯ ಒಳ್ಳೇ ಚಾಕುವಿನಲ್ಲಿ ಅರ್ಧ ತೆರೆದಾಗಲೂ ಮಟ್ಟ ಇರುತ್ತೆ, ಆ ಕೆಲಸ ಕಷ್ಟದ್ದು. ಲಾಯೋಲ್‌ನಲ್ಲಿ ಅದನ್ನ ನಿರೀಕ್ಷೆ ಮಾಡಬೇಡಿ. ತೆರೆದಿಟ್ಟು ಅಲಗನ್ನು ಎಡಬಲ ಅಲುಗಿಸಿ. ಚೂರೇ ಚೂರು ಅಲುಗಿದರೂ ಅದು ಮುಂದೆ ಹೆಚ್ಚೇ ಆಗುತ್ತೆ, ಕಡಿಮೆ ಆಗಲ್ಲ.

ಲಾಯೋಲ್‌ಗೇ ಮೀಸಲಾದ ಪರೀಕ್ಷೆ ಒಂದಿದೆ. ಮುಚ್ಚುವಾಗ ಅಲಗಿನ ಬಾಯಿ ಒಳಗಿನ ಸ್ಪ್ರಿಂಗಿಗೆ ತಾಗುತ್ತಾ ಅಂತ ನೋಡಬೇಕು. ತೆಳು ಕಾಗದದ ಪಟ್ಟಿಯೊಂದನ್ನು ಸ್ಪ್ರಿಂಗಿನ ಮೇಲೆ ಇಟ್ಟು ಅಲಗನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಮುಚ್ಚಿ, ಮತ್ತೆ ತೆಗೆಯಿರಿ. ಕಾಗದದ ಮೇಲೆ ಕೊಯ್ತದ ಗುರುತು ಇದ್ದರೆ ತಾಗ್ತಿದೆ. ಕೆಲವು ಒಳ್ಳೇ ಮನೆಯವರ ಚಾಕುಗಳಲ್ಲೂ, ಕೈಬಿಟ್ಟು ‘ಟಪ್’ ಅನ್ನಿಸಿದರೆ ಅಲಗು ಹೋಗಿ ಹೊಡೆಯುತ್ತೆ. ಅದು ದೋಷ ಅಲ್ಲ, ಆ ಕಟ್ಟಣೆಯ ಗುಣ, ಮಾಡಿದವರೇ ‘ಟಪ್ ಅನ್ನಿಸಬೇಡಿ’ ಅಂತ ಚೀಟಿ ಇಡ್ತಾರೆ. ನಿಧಾನಕ್ಕೆ ಮುಚ್ಚಿದಾಗಲೂ ತಾಗಿದರೆ ಮಾತ್ರ ವಾಪಸ್ ಕಳಿಸಿ. ಆ ಜಾಗದಲ್ಲಿ ಬಾಯಿ ಚಪ್ಪಟೆಯಾಗಿ, ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆ ಮಿಂಚುತ್ತೆ.

ಪತ್ತಾದ ಬೇರೆ ಜಾತಿ. ಅಲಗು ಮಿರ್ಟಲ್ ಗಿಡದ ಎಲೆಯ ಹಾಗೆ, ನಡುವೆ ಉಬ್ಬಿ ಮೊನೆಗೆ ಚೂಪು. ಹಳೇ ಪದ್ಧತಿಯಲ್ಲಿ ಹಿಡಿಕೆ ಟಗರಿನ ಕೊಂಬಿನ ಒಂದೇ ತುಂಡು, ನಡುವೆ ಗರಗಸದಿಂದ ಸೀಳು. ಸ್ಪ್ರಿಂಗ್ ಇಲ್ಲ, ಬೀಗ ಇಲ್ಲ, ರಿವೆಟ್ಟಿನ ಬಿಗಿಯೇ ಎಲ್ಲ. ಮಂಗಳೂರಿನವರು ಇಲ್ಲಿ ಹುಷಾರು. ಕೊಂಬು ಮಳೆಗಾಲದಲ್ಲಿ ಉಬ್ಬಿ ಅಲಗನ್ನು ಹಿಡಿಯುತ್ತೆ, ಚಳಿಗಾಲದ ಒಣಗಾಳಿಗೆ ಸಡಿಲ ಆಗುತ್ತೆ. ಸಡಿಲ ಆಯ್ತು ಅಂತ ಜನವರಿಯಲ್ಲಿ ರಿವೆಟ್ಟಿಗೆ ಸುತ್ತಿಗೆ ಏಟು ಹಾಕಿದರೆ, ಜುಲೈನಲ್ಲಿ ಕೊಂಬು ಸೀಳುತ್ತೆ. ಚಾಕು ಇಡೋ ಡಬ್ಬಿಯ ತೇವ ಒಂದು ಮಟ್ಟಕ್ಕೆ ಬಂದು ಆರು ವಾರ ಆದಮೇಲೆ ಅದರ ನಿಜವಾದ ಬಿಗಿ ಎಷ್ಟು ಅಂತ ನೋಡಿ.

ಕಸ್ಟಮ್ಸ್_ಕಿಟಕಿ

ದುಡ್ಡು ಮತ್ತು ಕಾನೂನು.

ಆರ್ಮ್ಸ್ ರೂಲ್ಸ್ 2016ರ ಮೊದಲ ಅನುಸೂಚಿಯ 5ನೇ ವರ್ಗದಲ್ಲಿ ಗೆರೆ ಇದೆ: ಅಲಗು 9 ಇಂಚಿಗಿಂತ ಉದ್ದ, ಅಥವಾ 2 ಇಂಚಿಗಿಂತ ಅಗಲ. ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದ್ದಕ್ಕೆ ವಿನಾಯಿತಿ. 9 ಇಂಚು ಅಂದರೆ 228 ಮಿಮೀ ಚಿಲ್ಲರೆ. ಪೂಕ್ಕೊ, ಲಾಯೋಲ್, ಪತ್ತಾದ ಯಾವುದೂ ಆ ಗೆರೆಯ ಹತ್ತಿರಕ್ಕೂ ಹೋಗಲ್ಲ. ಉತ್ತರ ಯುರೋಪಿನ ಸಾಮಿ ಜನರ ದೊಡ್ಡ ಚಾಕು ಲೆವ್ಕು ಮಾತ್ರ ಹೋಗಬಹುದು, ತಗೊಂಡರೆ 200 ಮಿಮೀ ಒಳಗಿನದು ತಗೊಳ್ಳಿ. ಆಯುಧ ಕಾಯ್ದೆಯ 4ನೇ ಕಲಂ ಪ್ರಕಾರ ಕೆಲವು ಪ್ರದೇಶಗಳಿಗೆ ಬೇರೆ ಅಧಿಸೂಚನೆ ಇರಬಹುದು, ನಿಮ್ಮ ಜಿಲ್ಲೆಯದು ವಿಚಾರಿಸಿ. ಗುಂಡಿ ಒತ್ತಿದರೆ ಚಿಮ್ಮೋ ಇಟಲಿಯ ಚಾಕುಗಳು ಎಷ್ಟೇ ಚೆಂದ ಇದ್ದರೂ ತರಿಸೋ ಗೋಜಿಗೆ ಹೋಗಬೇಡಿ. ಪ್ರವಾಸದಿಂದ ತರೋರು ಚೆಕ್-ಇನ್ ಲಗೇಜಿನಲ್ಲಿ ಹಾಕಿ, ಬಿಲ್ ಕೈಯಲ್ಲಿರಲಿ.

ಬೆಲೆ: ಯುರೋಪಿನ ಅಂಗಡಿಗಳು ತೋರಿಸೋದು ವ್ಯಾಟ್ ಸೇರಿದ ಬೆಲೆ. ಹೊರದೇಶಕ್ಕೆ ಕಳಿಸುವ ಮಾಲಿಗೆ ಆ ತೆರಿಗೆ ಇಲ್ಲ. ಫ್ರಾನ್ಸಿನಲ್ಲಿ 20%, ಆದ್ದರಿಂದ 240 ಯೂರೋದ್ದು ನಿಮಗೆ 200. ಫಿನ್ಲೆಂಡಿನಲ್ಲಿ 2024ರ ಸೆಪ್ಟೆಂಬರ್‌ನಿಂದ 25.5%, ಅಲ್ಲಿನ 251 ನಿಮಗೆ 200. ಅಂಗಡಿ ಬೆಲೆಯಿಂದ 25.5% ಕಳೆಯಬೇಡಿ, ಅದನ್ನು 1.255ರಿಂದ ಭಾಗಿಸಿ. ಒಬ್ಬನೇ ನಡೆಸೋ ಸಣ್ಣ ಕಮ್ಮಟ ವ್ಯಾಟ್‌ಗೆ ನೋಂದಣಿಯೇ ಆಗಿಲ್ಲದಿದ್ದರೆ ಕಳೆಯೋಕೆ ಏನೂ ಇರಲ್ಲ, ಅದಕ್ಕೆ ಮುಂಚೆಯೇ ಕೇಳಿ. ಇಲ್ಲಿ ಸುಂಕ ಹಾಕೋದು ಚಾಕುವಿನ ಬೆಲೆಗಷ್ಟೇ ಅಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತಕ್ಕೆ. ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗ್ತವೆ, ಆರ್ಡರ್ ಹಾಕೋ ದಿನವೇ ನೋಡಿಕೊಳ್ಳಿ. ‘ಗಿಫ್ಟ್ ಅಂತ ಬರೆದು ಕಳಿಸಲಾ?’ ಅಂತ ಮಾರುವವರು ಕೇಳಿದರೆ ಬೇಡ ಅನ್ನಿ, 2019ರ ಕೊನೆಯಲ್ಲೇ ಆ ವಿನಾಯಿತಿ ಹೋಯ್ತು. ಮೇಲಾಗಿ ಸುಳ್ಳು ಬೆಲೆ ಬರೆದ ಪಾರ್ಸೆಲ್ ಕಳೆದರೆ ವಿಮೆಯೂ ಸಿಗಲ್ಲ.

ಹಿಡಿಕೆಯ ವಸ್ತುವೇ ದೊಡ್ಡ ಅಪಾಯ. ಟಗರು, ಎಮ್ಮೆ, ಹಸುವಿನ ಕೊಂಬು ಸಾಕುಪ್ರಾಣಿಯದು, ಇನ್‌ವಾಯ್ಸ್‌ನಲ್ಲಿ ಹಾಗೆಂದೇ ಸ್ಪಷ್ಟವಾಗಿ ಬರೆಸಿ. ಹಿಮಸಾರಂಗದ ಕೊಂಬಿಗೂ ಜಾತಿಯ ಹೆಸರು ಬರೆಸಿ. ಶೆಫೀಲ್ಡಿನ ಹಳೇ ‘ಸ್ಟಾಗ್’ ಹಿಡಿಕೆಗಳಲ್ಲಿ ಬಹಳಷ್ಟು ನಮ್ಮದೇ ಕಡವೆಯ ಕೊಂಬು. ಇಲ್ಲಿಂದ ಹಡಗು ಹತ್ತಿ ಹೋದದ್ದು ಈಗ ವಾಪಸ್ ಬಂದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ತೊಡಕು, ಆದ್ದರಿಂದ ಬಿಟ್ಟುಬಿಡಿ. ಆನೆದಂತ ಬೇಡವೇ ಬೇಡ. ಮ್ಯಾಮತ್ ದಂತ ಅಳಿದ ಪ್ರಾಣಿಯದು ನಿಜ, ಅಡ್ಡಕೊಯ್ದ ಮುಖದ ಹೊರಭಾಗದಲ್ಲಿ ಗೆರೆಗಳು ಕೂಡುವ ಕೋನ 90 ಡಿಗ್ರಿಗಿಂತ ಕಡಿಮೆ ಇದ್ದರೆ ಮ್ಯಾಮತ್, 115ಕ್ಕಿಂತ ಹೆಚ್ಚಿದ್ದರೆ ಆನೆ. ಆದರೆ ಚಾಕುವಿನ ಹಿಡಿಕೆಯಲ್ಲಿ ಆ ಅಡ್ಡಕೊಯ್ತ ಕಾಣೋದೇ ಇಲ್ಲ, ಕೌಂಟರಿನಲ್ಲಿ ವಾದ ಮಾಡೋಕೆ ನಿಮ್ಮ ಹತ್ತಿರ ಏನೂ ಇರಲ್ಲ.

ಬೀಟೆ ಜಾತಿಯ ಮರಗಳೆಲ್ಲ 2017ರಿಂದ ಸೈಟಿಸ್‌ನ (ಅಪಾಯದಲ್ಲಿರೋ ಪ್ರಾಣಿ, ಗಿಡಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ) ಎರಡನೇ ಪಟ್ಟಿಯಲ್ಲಿವೆ. 2019ರಿಂದ, ಸಾಗಣೆಯೊಂದರಲ್ಲಿ ಆ ಮರ 10 ಕಿಲೋ ಒಳಗಿರುವ ಸಿದ್ಧವಸ್ತುಗಳಿಗೆ ವಿನಾಯಿತಿ ಇರೋದರಿಂದ ಚಾಕುವಿಗೆ ಚಿಂತೆಯಿಲ್ಲ. ಬ್ರೆಜಿಲ್ ಬೀಟೆ ಮಾತ್ರ ಮೊದಲ ಪಟ್ಟಿಯದು, ಮುಟ್ಟಬೇಡಿ. ಜೂನಿಪರ್, ಆಲಿವ್, ಬರ್ಚ್ ತಗೊಂಡರೆ ಈ ತಲೆನೋವೇ ಇಲ್ಲ.

ತುಕ್ಕುವೈರಿ

ಈಗ ಇಡೋ ಜಾಗ. ಒಂದೇ ಸಾಲಲ್ಲಿ ಹೇಳೋದಾದರೆ, ಒರೆಯೊಳಗೆ ಇಡಬೇಡಿ. ಚರ್ಮದಲ್ಲಿ ಹದಕ್ಕೆ ಹಾಕಿದ ಟ್ಯಾನಿನ್, ಲವಣ, ಹೀರಿಕೊಂಡ ತೇವ ಮೂರೂ ಇರ್ತವೆ. ಕಾರ್ಬನ್ ಉಕ್ಕಿನ ಪೂಕ್ಕೊ ಮಂಗಳೂರಿನ ಜೂನ್‌ನಲ್ಲಿ ಒರೆಯೊಳಗೆ ಎರಡು ವಾರ ಇದ್ದರೆ ಸಾಕು, ಅಲಗಿನ ಮೇಲೆ ಒರೆಯ ಹೊಲಿಗೆಯ ನಕ್ಷೆಯೇ ಮೂಡುತ್ತೆ. ಹಿತ್ತಾಳೆ ಹೇಲಾಕ್ಕೆ ಹಸಿರು ಕಿಲುಬು ಬರೋದೂ ಚರ್ಮದಿಂದಲೇ. ಪೀಚೆಕತ್ತಿ ಒರೆಯಲ್ಲೇ ಇರುತ್ತಲ್ಲ ಅಂತ ಕೊಡಗಿನವರು ಕೇಳಬಹುದು, ಅದರ ಒರೆ ಮರ ಮತ್ತು ಬೆಳ್ಳಿಯದು, ಲೆಕ್ಕ ಬೇರೆ. ಪೂಕ್ಕೊದ ಒರೆಯನ್ನು ಒಳಗಿನ ಮರದ ಅಚ್ಚಿನ ಸಮೇತ ಬೇರೆ ಬಟ್ಟೆಚೀಲದಲ್ಲಿಡಿ.

ಉಕ್ಕಿಗೆ ಗಾಳಿಯ ತೇವ 60% ದಾಟಿದರೆ ಕೇಡು. ಕೊಂಬು, ಮರಕ್ಕೆ 40%ಕ್ಕಿಂತ ಇಳಿದರೆ ಕೇಡು. ನಡುವಿನ 45–52 ಹಿಡಿಯಬೇಕು. ರಬ್ಬರ್ ಪಟ್ಟಿಯ ಗಾಳಿಬಿಗಿ ಡಬ್ಬಿ, 20 ಲೀಟರಿನದು, ಮೂರಲ್ಲ ಹದಿನೈದು ಚಾಕುವಿಗೂ ಸಾಕು. ವಸ್ತುಸಂಗ್ರಹಾಲಯದವರ ಹಳೇ ಲೆಕ್ಕ ಘನಮೀಟರಿಗೆ 20 ಕಿಲೋ ಸಿಲಿಕಾ ಜೆಲ್, ಅಂದರೆ ನಿಮ್ಮ ಡಬ್ಬಿಗೆ 400 ಗ್ರಾಂ. ತಪ್ಪಾಗೋದು ಇಲ್ಲೇ. ಪೂರ್ತಿ ಒಣ ಜೆಲ್ 400 ಗ್ರಾಂ ಸುರಿದರೆ ತೇವ 20ಕ್ಕೆ ಬೀಳುತ್ತೆ, ತುಕ್ಕು ಇಲ್ಲ ಅಂತ ನೀವು ಖುಷಿಯಲ್ಲಿರುವಾಗ ಟಗರಿನ ಕೊಂಬು ರಿವೆಟ್ಟಿನಿಂದ ಸೀಳಿಕೊಳ್ಳುತ್ತೆ. ಗಿಟಾರ್ ಅಂಗಡಿಯಲ್ಲಿ ಸಿಗುವ 49%ರ ತೇವದ ಪ್ಯಾಕೆಟ್ (ತೇವ ಹೆಚ್ಚಾದರೆ ಹೀರುತ್ತೆ, ಕಡಿಮೆಯಾದರೆ ಬಿಡುತ್ತೆ) ಎರಡು ಹಾಕಿ. ಜೊತೆಗೆ ಜೆಲ್ 100 ಗ್ರಾಂ ಮಾತ್ರ, ಅದೂ ಮುಚ್ಚಳ ತೆಗೆಯುವ ದಿನಗಳಿಗೆ. ಸೂಚಕ ಬಣ್ಣ ಬದಲಾದಾಗ ಜೆಲ್ಲನ್ನು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ, ಅದಕ್ಕಿಂತ ಬಿಸಿ ಮಾಡಿದರೆ ಸೂಚಕ ಸುಟ್ಟುಹೋಗುತ್ತೆ.

ಅಲಗಿಗೆ ಮೈಕ್ರೋಕ್ರಿಸ್ಟಲೈನ್ ಮೇಣ, ಅಂದರೆ ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪಿಸಿದ ರೆನೈಸಾನ್ಸ್ ವ್ಯಾಕ್ಸ್ ಥರದ್ದು. ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಬೆರಳಚ್ಚು ಒರೆಸಿ, ಕಡಲೆಕಾಳಿನಷ್ಟು ಮೇಣವನ್ನು ಹತ್ತಿಬಟ್ಟೆಯಲ್ಲಿ ತೆಳುವಾಗಿ ಸವರಿ, ಎರಡು ಮೂರು ನಿಮಿಷ ಬಿಟ್ಟು ಉಜ್ಜಿ. ಗಂಟೆ ಬಿಟ್ಟು ಇನ್ನೊಂದು ಸಲ. ಮೇ ಕೊನೆಗೆ ಒಮ್ಮೆ, ಅಕ್ಟೋಬರ್‌ಗೆ ಒಮ್ಮೆ. ಅಡುಗೆಮನೆಯ ಎಣ್ಣೆ ಯಾವುದೂ ಬೇಡ. ಶೇಂಗಾ, ಸೂರ್ಯಕಾಂತಿ ಎಣ್ಣೆ ಅಂಟಾಗಿ ಗಟ್ಟಿಯಾಗ್ತವೆ, ಗಾಣದ ತೆಂಗಿನೆಣ್ಣೆ ಕಮಟಿ ಆಮ್ಲ ಬಿಡುತ್ತೆ.

ಎಮ್ಮೆ ಕೊಂಬು, ಟಗರು ಕೊಂಬಿಗೆ ಹುಳ ಬೀಳುತ್ತೆ, ಉಣ್ಣೆ ಬಟ್ಟೆಗೆ ಬೀಳೋ ಜಾತಿಯದೇ. ಹೊಸ ಚಾಕುವನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಮೈನಸ್ 18ರ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಚೀಲ ಬಿಚ್ಚದೆ ಒಂದು ದಿನ ಹೊರಗಿಟ್ಟು ಆಮೇಲೆ ತೆಗೆಯಿರಿ. ಬೇಗ ಬಿಚ್ಚಿದರೆ ತಣ್ಣನೆ ಅಲಗಿನ ಮೇಲೆ ಹನಿ ಕೂರುತ್ತೆ.

ಹಳೇ ಶೆಫೀಲ್ಡ್, ಝೋಲಿಂಗೆನ್ ಚಾಕುಗಳ ಮೇಲೆ ಕಣ್ಣು ಬಿದ್ದರೆ ಸೆಲ್ಯುಲಾಯ್ಡ್ ಹಿಡಿಕೆಯ ಬಗ್ಗೆ ಎಚ್ಚರ. ಮುತ್ತಿನ ಹಾಗೆ, ಆಮೆಚಿಪ್ಪಿನ ಹಾಗೆ ಹೊಳೆಯುವ ಪ್ಲಾಸ್ಟಿಕ್. ಹಳೆಯದಾದಂತೆ ನೈಟ್ರಿಕ್ ಆಮ್ಲದ ಆವಿ ಬಿಡುತ್ತೆ. ಮುಚ್ಚಿದ ಡಬ್ಬಿಯಲ್ಲಿ ಒಂದಿದ್ದರೆ ಪಕ್ಕದ ಎಲ್ಲ ಅಲಗಿಗೂ ಕಾರಣವೇ ಇಲ್ಲದೆ ತುಕ್ಕು. ಮೂಗಿಗೆ ಕರ್ಪೂರ ಮತ್ತು ಹುಳಿ ಕಲೆತ ವಾಸನೆ ಬಂದರೆ ಅದನ್ನ ಬೇರೆ, ಗಾಳಿಯಾಡುವ ಜಾಗದಲ್ಲಿಡಿ. ಬೆಂಕಿಗೆ ಭಗ್ ಅಂತ ಹತ್ತೋ ವಸ್ತು ಅದು.

ಮಡಚುಗತ್ತಿ

ಬಜೆಟ್‌ನಲ್ಲಿ ಸ್ವಲ್ಪ ಉಳಿದರೆ ಡಮಾಸ್ಕಸ್ ಅಲಗಿನ ಪೂಕ್ಕೊ ನೋಡಲಾ?

ಉಕ್ಕುಮೂಸೆ

ನಿಮ್ಮ ದುಡ್ಡಿಗೆ ಬೇಡ. ಅದೇ ಕಮ್ಮಾರನ ಸಾದಾ ಅಲಗೇ ಮೇಲು.

ಈಗ ಡಮಾಸ್ಕಸ್ ಅಂತ ಮಾರೋದು ಎರಡು ಉಕ್ಕನ್ನು ಪದರ ಪದರವಾಗಿ ಬೆಸೆದದ್ದು. ಜರ್ಮನಿಯವರು ಹೆಚ್ಚಾಗಿ ಬಳಸೋದು 1.2842 ಮತ್ತು 75ಎನ್‌ಐ8, ಎರಡನೆಯದರ ನಿಕಲ್ ಆಮ್ಲದಲ್ಲಿ ಕಪ್ಪಾಗದೆ ಬೆಳ್ಳಗೆ ಉಳಿಯುತ್ತೆ, ನಕ್ಷೆ ಅದರಿಂದ. ಮೂಲದ ಡಮಾಸ್ಕಸ್ ಬೇರೆಯೇ, ಮೂಸೆಯಲ್ಲಿ ಕರಗಿಸಿದ ನಮ್ಮ ದಕ್ಷಿಣದ ಉಕ್ಕು. ಇಂಗ್ಲಿಷರ ‘ವೂಟ್ಸ್’ ಅನ್ನೋ ಪದ ಕನ್ನಡದ ‘ಉಕ್ಕು’ವಿನಿಂದಲೇ ಬಂದದ್ದು ಅನ್ನೋದು ಹೆಚ್ಚು ಒಪ್ಪಿತವಾದ ಮಾತು. ಅದರ ನಕ್ಷೆಗೆ ಬೆಸುಗೆ ಕಾರಣ ಅಲ್ಲ, ಅದಿರಿನ ವನೇಡಿಯಂನಂಥ ಚೂರುಪಾರು ಕಲಬೆರಕೆಯಿಂದ ಕಾರ್ಬೈಡ್ ಸಾಲುಗಟ್ಟಿ ಬರುವ ಗೆರೆ. ವರ್ಹೋವನ್ ಮತ್ತು ಪೆಂಡ್ರೇ 1990ರ ದಶಕದಲ್ಲಿ ಇದನ್ನ ಮಾಡಿ ತೋರಿಸಿದರು.

ನಕಲಿ ಕಂಡುಹಿಡಿಯೋಕೆ ಬೆನ್ನಿನ ಫೋಟೋ ಸಾಕು. ಪದರದ ಉಕ್ಕಾದರೆ ಬೆನ್ನಿನ ಮೇಲೂ ಗೆರೆ ಓಡಿರುತ್ತೆ, ಬದಿಯ ಗೆರೆಗೆ ಹೋಗಿ ಕೂಡುತ್ತೆ. ಮೇಲೆ ಕೊರೆದ ನಕ್ಷೆಯಾದರೆ ಬೆನ್ನು ಬೋಳು, ಇಲ್ಲವೇ ಎಡಬದಿಯ ನಕ್ಷೆಯೇ ಬಲಬದಿಯಲ್ಲೂ ಯಥಾವತ್ತು. ಕರಾವಳಿಯಲ್ಲಿ ನಕ್ಷೆ ಬೇಕೇ ಬೇಕು ಅಂದರೆ ಸ್ವೀಡನ್ನಿನ ಸೋಡರ್‌ಫೋರ್ಸ್‌ನ ಡಮಾಸ್ಟೀಲ್ ಇದೆ, ಆರ್‌ಡಬ್ಲ್ಯುಎಲ್34 ಮತ್ತು ಪಿಎಂಸಿ27 ಪುಡಿಗಳಿಂದ ಮಾಡಿದ ಸ್ಟೇನ್‌ಲೆಸ್. ಉಕ್ಕಿನ ಹೆಸರು ಹೇಳದೆ ‘512 ಪದರ’ ಅಂತ ಎಣಿಕೆ ಮಾತ್ರ ಹೇಳೋರನ್ನ ಕೇಳೋದೇ ಬೇಡ. ಪದರದ ಸಂಖ್ಯೆಗೂ ಹರಿತಕ್ಕೂ ಸಂಬಂಧ ಇಲ್ಲ.

ಧಾರವಾಡಿ

ಹರಿತ ಅಂದ ಕೂಡ್ಲೆ ನೆನಪಾತು. ಸಂಗ್ರಹದ ಚಾಕು ಮಸೀಬೇಕೋ ಬ್ಯಾಡೋ? ಮೊಂಡ ಚಾಕು ಇಟ್ಟುಕೊಂಡು ಪೂಜಾ ಮಾಡೋದೇನು?

ಕುಲುಮೆ_ಕಿಡಿ

ಮಾರುವ ಯೋಚನೆ ಇದ್ದರೆ ಮುಟ್ಟಬೇಡಿ, ಕಾರ್ಖಾನೆಯ ಬಾಯಿಗೆ ಬೆಲೆ ಇದೆ. ಇಟ್ಟುಕೊಳ್ಳೋದಾದರೆ ಪೂಕ್ಕೊದ ಇಳಿಜಾರು ಪೂರ್ತಿ ಕಲ್ಲಿಗೆ ಕೂರುವಂತೆ ಮಲಗಿಸಿ, 1000ದ ಕಲ್ಲು, ಆಮೇಲೆ 3000 (ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು). ಬಾಯಿ ಮಾತ್ರ ಎತ್ತಿ ಮಸೆದರೆ ಎರಡನೇ ಕೋನ ಬಿದ್ದು ಅದು ಪೂಕ್ಕೊ ಆಗಿ ಉಳಿಯಲ್ಲ. ಇನ್ನೊಂದು ವಿಷಯ, ಹೊಸ ಅಲಗಿನ ಬಾಯಿ ಮೊದಮೊದಲು ಮುರಿಯುತ್ತೆ ಅಥವಾ ಮಡಚುತ್ತೆ ಅಂತ ದೂರು ಹೇಳೋರಿದಾರೆ. ಕೊನೆಯ ಸಾಣೆಯಲ್ಲಿ ಬೆಲ್ಟಿನ ಬಿಸಿಗೆ ಬಾಯಿಯ ಕೂದಲೆಳೆ ಹದ ತಪ್ಪಿರುತ್ತೆ. ಎರಡು ಮೂರು ಸಲ ಮಸೆದ ಮೇಲೆ ಒಳಗಿನ ಸರಿಯಾದ ಉಕ್ಕು ಸಿಗುತ್ತೆ. ಅಷ್ಟಾದರೂ ನಿಲ್ಲದಿದ್ದರೆ ಹದವೇ ತಪ್ಪಿದೆ, ಮಾಡಿದವರಿಗೆ ಬರೆಯಿರಿ.

ಮಡಚುಗತ್ತಿ

ತೀರ್ಮಾನ: ಬರ್ಚ್ ತೊಗಟೆ ಹಿಡಿಕೆಯ ಪೂಕ್ಕೊ 230, ಜೂನಿಪರ್ ಹಿಡಿಕೆಯ ಲ ತಿಯೇರ್ 180, ಪತ್ತಾದ 260. ಐದು ಪ್ರಶ್ನೆಯ ಪತ್ರ ಮೂವರಿಗೂ ಹೋಯ್ತು. ಪತ್ತಾದದವರು ಅಲಗು ಬಡಿಯೋದು, ಹದ, ಸಾಣೆ, ಕೊಂಬು ಎಲ್ಲ ತಾವೇ ಅಂದರು. ತಿಯೇರ್‌ನವರು ಅಲಗು ಬಡಿಯೋದೂ ಹದವೂ ಹೊರಗೆ, ಸಾಣೆಯಿಂದ ಮುಂದಿನದೆಲ್ಲ ಒಳಗೆ ಅಂತ ನೇರವಾಗಿ ಬರೆದರು. ಪೂಕ್ಕೊದವರು ಇನ್ನೂ ಬರೆದಿಲ್ಲ. ಡಬ್ಬಿ ತಂದು 49ರ ಪ್ಯಾಕೆಟ್ ಎರಡು, ಜೆಲ್ 100 ಗ್ರಾಂ ಹಾಕಿ ನಾಲ್ಕು ದಿನ ಆಯ್ತು, ತೇವದ ಮೀಟರ್ 58 ತೋರಿಸ್ತಿದೆ. ಡಬ್ಬಿ ಸೋರುತ್ತಿದೆಯಾ?

ತುಕ್ಕುವೈರಿ

ಸೋರುತ್ತಿರಬಹುದು, ಆದರೆ ಮೊದಲು ಮೀಟರಿನ ಮೇಲೇ ಅನುಮಾನ ಪಡಿ. ನಾನೂರು ರೂಪಾಯಿಯ ಮೀಟರುಗಳು ಐದಾರು ಅಂಕ ಆಚೀಚೆ ಹೇಳೋದು ಮಾಮೂಲಿ. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಹಸಿಮರಳಿನ ಹದಕ್ಕೆ ಕೆಲವೇ ಹನಿ ನೀರು ಬಿಡಿ. ನೀರು ಮೇಲೆ ನಿಂತರೆ ಹೆಚ್ಚಾಯ್ತು. ಮೀಟರ್ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ, ಎಂಟು ಗಂಟೆ ಅಲುಗಿಸದೆ ಬಿಡಿ. ಒಳಗೆ 75% ಇರುತ್ತೆ. ಮೀಟರ್ 83 ಅಂದರೆ ಅದು ಎಂಟು ಜಾಸ್ತಿ ಹೇಳ್ತಿದೆ, ನಿಮ್ಮ ಡಬ್ಬಿ 50ರಲ್ಲಿದೆ, ಏನೂ ಮಾಡಬೇಡಿ. 75 ಅಂತ ಸರಿಯಾಗೇ ಹೇಳಿದರೆ ರಬ್ಬರ್ ಪಟ್ಟಿಗೆ ಸಿಲಿಕೋನ್ ಗ್ರೀಸ್ ಸವರಿ ಮತ್ತೆ ನಾಲ್ಕು ದಿನ ನೋಡಿ.

ಧಾರವಾಡಿ

ಉಪ್ಪಿನ ಚೀಲಾನ ಚಾಕು ಇಡೋ ಡಬ್ಬ್ಯಾಗ ಇಟ್ಟು ಪರೀಕ್ಷಾ ಮಾಡಬ್ಯಾಡ್ರಿ ಮತ್ತ.